ಸುಮ್ನೆ ಹೊರಟ ಶನಿವಾರ: ಕೊನ್‌ಸ್ಟಾಂಟ್ಸ್ ಮತ್ತು ಬೋಡನ್‌ಸೀ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯೂರೋಪ್ ಪ್ರವಾಸಕ್ಕೆ ಹೇಗೆ ಪ್ಲಾನ್ ಮಾಡಬೇಕು, ಅದರ ಬಗ್ಗೆ ಮಾತಾಡಿ ಅಂತ ವಾಚನಾಲಯದವರು ಕರೆದಿದ್ದರು. ಅದಕ್ಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಯಾವ ಪ್ಲಾನೂ ಇಲ್ಲದೆ ಹೋಗಿ ಬಂದ ಒಂದು ದಿನದ ಬಗ್ಗೆ ಮಾತಾಡ್ತೀನಿ ಅಂದೆ. ಒಪ್ಪಿದರು, ಸ್ವಲ್ಪ ಅನುಮಾನದಿಂದಲೇ.

ಹೋದ ಊರಿನ ಹೆಸರು ಕೊನ್‌ಸ್ಟಾಂಟ್ಸ್. ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿಗೆ ಅಂಟಿಕೊಂಡೇ ಇದೆ. ಬೋಡನ್‌ಸೀ ಎಂಬ ದೊಡ್ಡ ಸರೋವರದ ದಡದ ಊರು. ನಮ್ಮ ಅಟ್ಲಾಸ್‌ಗಳಲ್ಲಿ ಇದು ಲೇಕ್ ಕಾನ್‌ಸ್ಟನ್ಸ್. ವಿಸ್ತೀರ್ಣ 536 ಚದರ ಕಿಲೋಮೀಟರ್, ಉದ್ದ 63 ಕಿಲೋಮೀಟರ್, ತೀರಾ ಆಳದ ಕಡೆ 251 ಮೀಟರ್. ದಡವನ್ನು ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ಹಂಚಿಕೊಂಡಿವೆ.

ನಾನು ಆಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೆ. 2024ರ ಬೇಸಿಗೆ. ಶನಿವಾರ ಬೆಳಗ್ಗೆ ಹಾಸನದ ಗೆಳೆಯನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದೆವು. ಅವನು, ನಾನು, ಧಾರವಾಡದವನೊಬ್ಬ, ಮಂಗಳೂರಿನವಳೊಬ್ಬಳು. ಇದ್ದಕ್ಕಿದ್ದಂತೆ ಮಂಗಳೂರಿನವಳು, "ನೀರು ನೋಡದೆ ಎಷ್ಟು ಸಮಯ ಆಯ್ತು ಮಾರಾಯ" ಅಂದಳು. ಸ್ಟುಟ್‌ಗಾರ್ಟ್‌ನಿಂದ ಸಮುದ್ರ ಬಹಳ ದೂರ. ಸರೋವರ ಇದೆಯಲ್ಲ ಅಂತ ಹಾಸನದವನು ಫೋನ್ ತೆಗೆದ. ಅರ್ಧ ಗಂಟೆಯಲ್ಲಿ ರೈಲಿನಲ್ಲಿದ್ದೆವು.

ಸುಮ್ನೆ ಹೊರಟುಬಿಟ್ಟೆವು ಅಂತ ಹೇಳಿಕೊಳ್ಳೋದಕ್ಕೆ ಬಹಳ ಚೆನ್ನಾಗಿರುತ್ತದೆ. ನಾವೇನೋ ದೊಡ್ಡ ಅಲೆಮಾರಿಗಳು ಅನ್ನಿಸುತ್ತದೆ. ನಿಜ ಏನು ಅಂದ್ರೆ, ಪ್ಲಾನ್ ಮಾಡದೇ ಇದ್ದದ್ದು ನಾವು ನಾಲ್ಕು ಜನ ಮಾತ್ರ. ನಮ್ಮ ಪರವಾಗಿ ಯಾರ್ಯಾರೋ, ಎಷ್ಟೋ ವರ್ಷಗಳಿಂದ, ಎಲ್ಲವನ್ನೂ ಪ್ಲಾನ್ ಮಾಡಿಟ್ಟಿದ್ದರು. ಕೆಲವು ಕಡೆ ಜಗಳ ಆಡಿ, ಕೋರ್ಟಿಗೂ ಹೋಗಿ. ಇವತ್ತು ಹೇಳಬೇಕಿರೋದು ಅವರ ವಿಷಯ.

ಮೊದಲು ಟಿಕೆಟ್. 2023ರ ಮೇ 1ರಿಂದ ಜರ್ಮನಿಯಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದು ಪಾಸ್ ಬಂತು. ಆಗ ತಿಂಗಳಿಗೆ 49 ಯೂರೋ. 2025ರಲ್ಲಿ 58 ಆಯಿತು. ಇಡೀ ದೇಶದ ಸಿಟಿ ಬಸ್, ಟ್ರಾಮ್, ಮೆಟ್ರೋ, ಪ್ಯಾಸೆಂಜರ್ ರೈಲು ಎಲ್ಲದಕ್ಕೂ ಅದೊಂದೇ ಸಾಕು. ಐಸಿಇ ಥರದ ವೇಗದ ರೈಲುಗಳಿಗೆ ನಡೆಯಲ್ಲ. ಆಫೀಸಿಗೆ ಹೋಗಿ ಬರೋದಕ್ಕೆ ಅಂತ ನಾವೆಲ್ಲ ಅದನ್ನು ಮಾಡಿಸಿಕೊಂಡಿದ್ದೆವು. ಹಾಗಾಗಿ ಆ ಶನಿವಾರ ಟಿಕೆಟ್ ಬುಕ್ ಮಾಡೋದು, ರೇಟ್ ಹೋಲಿಸೋದು, ಸೀಟ್ ಸಿಗುತ್ತೋ ಇಲ್ವೋ ಅನ್ನೋದು, ಯಾವ ತಲೆನೋವೂ ಇರಲಿಲ್ಲ. ಬೇಡ ಅನ್ನಿಸಿದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬರಬಹುದು, ನಷ್ಟ ಏನೂ ಇಲ್ಲ. ಪ್ಲಾನ್ ಇಲ್ಲದೆ ಓಡಾಡುವ ಧೈರ್ಯ ಅರ್ಧ ಅಲ್ಲಿಂದಲೇ ಬರುತ್ತದೆ.

ರೈಲು ಮಾತ್ರ ನಿಧಾನ. ಸ್ಟುಟ್‌ಗಾರ್ಟ್‌ನಿಂದ ಸಿಂಗನ್‌ವರೆಗೆ ಹೋಗುವ ಹಳಿಗೆ ಗಾಯ್‌ಬಾನ್ ಅಂತಾರೆ. ಹೋರ್ಬ್ ದಾಟಿದ ಮೇಲೆ ರೈಲು ಒಂದು ಪುಟ್ಟ ಸ್ಟೇಷನ್‌ನಲ್ಲಿ ನಿಂತೇ ಬಿಟ್ಟಿತು. ಹತ್ತುವವರಿಲ್ಲ, ಇಳಿಯುವವರಿಲ್ಲ. ಧಾರವಾಡದವನು ಕಿಟಕಿಯಿಂದ ಇಣುಕಿ, "ಕ್ರಾಸಿಂಗ್ ಐತಲೇ" ಅಂದ. ಸರಿಯಾಗಿಯೇ ಹೇಳಿದ್ದ. ಎದುರಿನಿಂದ ಬರುವ ರೈಲಿಗೆ ಕಾಯುತ್ತಿದ್ದೆವು. ಇಷ್ಟು ಶ್ರೀಮಂತ ದೇಶದ ಮುಖ್ಯ ಮಾರ್ಗದಲ್ಲಿ ಒಂದೇ ಹಳಿಯೇ? ಅದರ ಹಿಂದೆ ಯುದ್ಧ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಭಾಗ ಫ್ರೆಂಚರ ಕೈಯಲ್ಲಿತ್ತು. ಯುದ್ಧದ ನಷ್ಟಕ್ಕೆ ಪರಿಹಾರ ಅಂತ 1946ರಲ್ಲಿ ಎರಡನೇ ಹಳಿಯನ್ನು ಕಿತ್ತುಕೊಂಡು ಹೋದರು. ಅದರ ಬಹುಪಾಲನ್ನು ಇನ್ನೂ ಮತ್ತೆ ಹಾಕಿಲ್ಲ. ಎಂಬತ್ತು ವರ್ಷದ ಹಿಂದಿನ ಲೆಕ್ಕಕ್ಕೆ ನಾವು ಹೋರ್ಬ್ ಆಚೆ ಹತ್ತು ನಿಮಿಷ ಕಟ್ಟಿದೆವು.

ಟುಟ್ಲಿಂಗನ್ ಹತ್ತಿರ ರೈಲು ಡಾನ್ಯೂಬ್ ನದಿಯ ಬಳಿ ಬರುತ್ತದೆ. ಇಲ್ಲಿ ಡಾನ್ಯೂಬ್ ಇನ್ನೂ ಚಿಕ್ಕ ಹುಡುಗಿ. ಈ ಜಾಗದ ಕಥೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನದಿ ನೀರಿನ ಜಗಳ ಅಂದ್ರೆ ನಮಗೆ ಬೇಗ ಅರ್ಥ ಆಗುತ್ತದೆ.

ಇಮ್ಮೆಂಡಿಂಗನ್ ಮತ್ತು ಮೋರಿಂಗನ್ ಎಂಬ ಊರುಗಳ ನಡುವೆ ನದಿಯ ತಳ ಸುಣ್ಣದಕಲ್ಲಿನದ್ದು, ತುಂಬ ಬಿರುಕು. ನೀರು ಆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಎಷ್ಟೋ ದಿನ ನದಿ ಪೂರ್ತಿ ಮಾಯ. ಎಲ್ಲಿ ಹೋಯ್ತು ಅನ್ನೋದೇ ಜಗಳಕ್ಕೆ ಕಾರಣ. ಹನ್ನೆರಡು ಕಿಲೋಮೀಟರ್ ಆಚೆ, ಬೆಟ್ಟದ ಇನ್ನೊಂದು ಪಕ್ಕದಲ್ಲಿ, ಆಖ್ ಎಂಬ ಊರಿನಲ್ಲಿ ಒಂದು ದೊಡ್ಡ ಬುಗ್ಗೆ ಇದೆ. ಜರ್ಮನಿಯಲ್ಲಿ ಅತಿ ಹೆಚ್ಚು ನೀರು ಬರುವ ಬುಗ್ಗೆ ಅದೇ. ಅದರಿಂದ ಹುಟ್ಟುವ ಹೊಳೆ ಬೋಡನ್‌ಸೀಗೆ ಸೇರುತ್ತದೆ. ಡಾನ್ಯೂಬ್ ಕಡೆಯ ಗಿರಣಿಯವರು ಬಿರುಕುಗಳನ್ನು ಮುಚ್ಚಿಸಬೇಕು ಅಂದರು. ಆಖ್ ಕಡೆಯ ಗಿರಣಿಯವರು ಮುಚ್ಚಿದರೆ ನಮ್ಮ ಚಕ್ರ ತಿರುಗೋದಿಲ್ಲ ಅಂದರು.

1877ರ ಅಕ್ಟೋಬರ್‌ನಲ್ಲಿ ಆಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ನೀರು ಇಂಗುವ ಕಡೆ 10 ಕೆ.ಜಿ. ಹಸಿರು ಬಣ್ಣ, 20 ಟನ್ ಉಪ್ಪು, 1200 ಕೆ.ಜಿ. ಎಣ್ಣೆ ಸುರಿಸಿದರು. ಸುಮಾರು ಅರವತ್ತು ಗಂಟೆಯ ಮೇಲೆ ಆಖ್ ಬುಗ್ಗೆಯಲ್ಲಿ ಮೂರೂ ಬಂದವು. ಹಸಿರು ನೀರು, ಬಾಯಿಗೆ ಉಪ್ಪು, ಜೊತೆಗೆ ಎಣ್ಣೆಯ ನಾತ. ಕಪ್ಪು ಸಮುದ್ರಕ್ಕೆ ಹೋಗಬೇಕಾದ ಡಾನ್ಯೂಬ್ ನೀರು ಬೆಟ್ಟದ ಒಳಗಿಂದ ದಾಟಿ, ಬೋಡನ್‌ಸೀಗೆ ಬಂದು, ಅಲ್ಲಿಂದ ರೈನ್ ನದಿಯಾಗಿ ಉತ್ತರ ಸಮುದ್ರ ಸೇರುತ್ತಿತ್ತು.

ಪತ್ತೆ ಆಯಿತು ಅಂತ ಜಗಳ ನಿಲ್ಲುತ್ತದೆಯೇ? ನಿಲ್ಲಲಿಲ್ಲ. ಆಗಿನ ಜರ್ಮನ್ ರಾಜ್ಯಗಳಲ್ಲಿ ವ್ಯುರ್ಟೆಂಬರ್ಗ್, ಪ್ರಷ್ಯಾ ಒಂದು ಕಡೆ, ಬಾಡನ್ ಇನ್ನೊಂದು ಕಡೆ. 1927ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಪ್ರಕೃತಿ ತಾನಾಗಿ ಮಾಡಿದ್ದನ್ನು ಎರಡೂ ಕಡೆಯವರು ಸಹಿಸಿಕೊಳ್ಳಬೇಕು, ಆದರೆ ಯಾರೂ ಕೈಯಾಡಿಸಿ ಅದನ್ನು ಹೆಚ್ಚು ಕಡಿಮೆ ಮಾಡಿ ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನೋದು ಅದರ ತಿರುಳು. ರಾಜ್ಯ ರಾಜ್ಯಗಳ ನಡುವಿನ ನೀರಿನ ಹಕ್ಕಿನ ಚರ್ಚೆಯಲ್ಲಿ ಈ ಕೇಸನ್ನು ಈಗಲೂ ಎತ್ತುತ್ತಾರೆ. ಕಾವೇರಿ ಸುದ್ದಿ ಓದಿ ಬೆಳೆದವರಿಗೆ ಕಿಟಕಿಯ ಆಚೆ ಆ ಬಡ ನದಿಯನ್ನು ನೋಡಿದಾಗ ಒಂದು ಥರ ಸಲುಗೆ ಅನ್ನಿಸುತ್ತದೆ.

ಸಿಂಗನ್‌ನಲ್ಲಿ ಇಳಿದು ಇನ್ನೊಂದು ಸಣ್ಣ ರೈಲು ಹತ್ತಿದೆವು. ಊಟದ ಹೊತ್ತಿಗೆ ಕೊನ್‌ಸ್ಟಾಂಟ್ಸ್.

ಸ್ಟೇಷನ್‌ನಿಂದ ಹೊರಗೆ ಬಂದು ಹಳಿ ದಾಟಿದರೆ ಬಂದರು. ಆಟೋ ಬೇಡ, ಬಸ್ ಬೇಡ, ದಾರಿ ಕೇಳೋದೂ ಬೇಡ. ಬಂದರಿನ ಮೂತಿಯಲ್ಲಿ ಒಂಬತ್ತು ಮೀಟರ್ ಎತ್ತರದ ಹೆಂಗಸಿನ ಮೂರ್ತಿ ನಿಂತಿದೆ, ತೂಕ 18 ಟನ್. ಹೆಸರು ಇಂಪೀರಿಯಾ, ಕಥೆಯೊಂದರಲ್ಲಿ ಬರುವ ವೇಶ್ಯೆ. ನಾಲ್ಕು ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನೇ ಒಂದು ಸುತ್ತು ತಿರುಗುತ್ತದೆ. ಒಂದೊಂದು ಕೈಯಲ್ಲಿ ಒಬ್ಬೊಬ್ಬ ಕುಳ್ಳ ಮನುಷ್ಯ, ಮೈಮೇಲೆ ಬಟ್ಟೆ ಇಲ್ಲ. ಒಬ್ಬನ ತಲೆಯ ಮೇಲೆ ಚಕ್ರವರ್ತಿಯ ಕಿರೀಟ, ಇನ್ನೊಬ್ಬನ ತಲೆಯ ಮೇಲೆ ಪೋಪ್‌ನ ಕಿರೀಟ. ಪೀಟರ್ ಲೆಂಕ್ ಎಂಬ ಶಿಲ್ಪಿ 1993ರಲ್ಲಿ ನಿಲ್ಲಿಸಿದ್ದು. ಆಗ ಊರಲ್ಲಿ ದೊಡ್ಡ ಗಲಾಟೆ ಆಯಿತಂತೆ. ಈಗ ಫ್ರಿಡ್ಜ್ ಮ್ಯಾಗ್ನೆಟ್‌ನಲ್ಲೂ ಅವಳೇ.

ಆ ಕುಚೋದ್ಯ ಅರ್ಥ ಆಗಬೇಕಾದರೆ ಪಕ್ಕದ ಕಟ್ಟಡ ನೋಡಬೇಕು. ದೊಡ್ಡ ಚಾವಣಿಯ ಹಳೇ ಗೋದಾಮು, 1388ರದ್ದು. ವ್ಯಾಪಾರಿಗಳ ಸರಕು ಇಡೋದಕ್ಕೆ ಕಟ್ಟಿದ್ದು. 1414ರಿಂದ 1418ರವರೆಗೆ ಈ ಊರಲ್ಲಿ ಕ್ರೈಸ್ತ ಧರ್ಮದ ಮಹಾಸಭೆ ನಡೆಯಿತು. ಆಗ ಒಂದೇ ಕಾಲಕ್ಕೆ ಮೂವರು ಪೋಪ್‌ಗಳಿದ್ದರು, ಮೂವರೂ ನಾನೇ ನಿಜವಾದವನು ಅನ್ನುತ್ತಿದ್ದರು. ಒಬ್ಬ ಸಭೆ ನಡೆಯುತ್ತಿರುವಾಗಲೇ ಊರು ಬಿಟ್ಟು ಓಡಿದ. ಕೊನೆಗೆ 1417ರ ನವೆಂಬರ್ 11ರಂದು ಈ ಗೋದಾಮಿನಲ್ಲಿ ಐದನೇ ಮಾರ್ಟಿನ್‌ನನ್ನು ಆರಿಸಿದರು. ಕೆಲವೇ ಸಾವಿರ ಜನರ ಊರಿಗೆ ಹತ್ತಾರು ಸಾವಿರ ಮಂದಿ ಬಂದು ಕೂತಿದ್ದರು, ವರ್ಷಗಟ್ಟಲೆ. ಅದೇ ಊರಿನ ಉಲ್ರಿಖ್ ರಿಖೆಂಟಾಲ್ ಎಂಬಾತ ಎಲ್ಲವನ್ನೂ ಬರೆದಿಟ್ಟ. ಅವನ ಬರಹದ ಹಳೇ ಪ್ರತಿಗಳಲ್ಲಿ ಚಿತ್ರಗಳಿವೆ. ಒಂದರಲ್ಲಿ ತಳ್ಳುಗಾಡಿಯ ಮೇಲೆ ಒಲೆ ಇಟ್ಟುಕೊಂಡು ಬೀದಿಯಲ್ಲೇ ಬಿಸಿ ಬಿಸಿ ತಿಂಡಿ ಸುಟ್ಟು ಕೊಡುವವರಿದ್ದಾರೆ. ಧರ್ಮಗುರುಗಳಾದರೂ ಹೊಟ್ಟೆ ಕೇಳಬೇಕಲ್ಲ.

ಆ ಸಭೆಯ ಇನ್ನೊಂದು ಕೆಲಸ ನಗುವಂಥದ್ದಲ್ಲ. ಬೊಹೆಮಿಯಾದ (ಈಗಿನ ಚೆಕ್ ದೇಶದ ಭಾಗ) ಯಾನ್ ಹುಸ್ ಎಂಬ ಸುಧಾರಕನಿಗೆ, ಬಾ, ನಿನಗೇನೂ ಆಗೋದಿಲ್ಲ ಅಂತ ರಾಜ ಸಿಗಿಸ್‌ಮಂಡ್ ರಹದಾರಿ ಕೊಟ್ಟಿದ್ದ. ಹುಸ್ ನಂಬಿ ಬಂದ. ಹಿಡಿದು ಜೈಲಿಗೆ ಹಾಕಿದರು. 1415ರ ಜುಲೈ 6ರಂದು ಸುಟ್ಟರು. ಬೂದಿಯನ್ನು ರೈನ್ ನದಿಗೆ ಹಾಕಿದರು, ಯಾರೂ ತೆಗೆದುಕೊಂಡು ಹೋಗಿ ಪೂಜೆ ಮಾಡದಿರಲಿ ಅಂತ. ಸುಟ್ಟ ಜಾಗ ಎಂದು ಗುರುತಿಸಿರುವ ಕಡೆ ಈಗ ಒಂದು ಬಂಡೆ ಇದೆ. ಹೋಗಿ ನಿಂತೆವು. ಸುತ್ತ ಮನೆಗಳು, ಸೈಕಲ್ ನಿಲ್ಲಿಸಿದ್ದಾರೆ. ಯಾರೋ ಹೂವು ಇಟ್ಟಿದ್ದರು.

ಹಳೇ ಊರು ಇಷ್ಟು ಚೆನ್ನಾಗಿ ಉಳಿದುಕೊಂಡಿರೋದಕ್ಕೂ ಗಡಿಯೇ ಕಾರಣ. ಎರಡನೇ ಮಹಾಯುದ್ಧದಲ್ಲಿ ಸರೋವರದ ಆಚೆ ದಡದ ಫ್ರೀಡ್ರಿಖ್ಸ್‌ಹಾಫನ್ ಬಾಂಬಿಗೆ ನೆಲಸಮ ಆಯಿತು, ಅಲ್ಲಿ ವಿಮಾನ ಮತ್ತು ಎಂಜಿನ್ ಕಾರ್ಖಾನೆಗಳಿದ್ದವು. ಕೊನ್‌ಸ್ಟಾಂಟ್ಸ್ ಮೇಲೆ ಬಾಂಬ್ ಬೀಳಲಿಲ್ಲ. ಪಕ್ಕದ ಸ್ವಿಸ್ ಊರು ಕ್ರಾಯ್ಟ್ಸ್‌ಲಿಂಗನ್ ಜೊತೆ ಇದು ಬೆರೆತುಹೋಗಿದೆ. ರಾತ್ರಿ ದೀಪ ಆರಿಸದೆ ಬಿಟ್ಟಿದ್ದರಿಂದ ಮೇಲಿನಿಂದ ನೋಡಿದವರಿಗೆ ಎಲ್ಲವೂ ಯುದ್ಧಕ್ಕೆ ಇಳಿಯದ ಸ್ವಿಟ್ಜರ್ಲೆಂಡ್ ಥರ ಕಾಣುತ್ತಿತ್ತು ಅಂತ ಊರಿನವರು ಹೇಳುತ್ತಾರೆ.

ಆ ಗಡಿಗೆ ನಡೆದುಕೊಂಡು ಹೋಗಬಹುದು. ಸರೋವರದ ಪಕ್ಕದ ಹುಲ್ಲಿನ ಮೇಲೆ ಸಾಲಾಗಿ ಎತ್ತರದ ಸ್ಟೀಲ್ ಶಿಲ್ಪಗಳು ನಿಂತಿವೆ, ಒಟ್ಟು 22. ಯೋಹಾನೆಸ್ ಡೋರ್ಫ್‌ಲಿಂಗರ್ ಮಾಡಿದ್ದು. ಮೊದಲು ಅಲ್ಲಿ ಬೇಲಿ ಇತ್ತು, 2006ರಲ್ಲಿ ಕಿತ್ತರು. ಈಗ ಗಡಿ ಅಂದ್ರೆ ಆ ಶಿಲ್ಪಗಳೇ. ಆದರೆ 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ, ಅದೇ ಜಾಗದಲ್ಲಿ ಮತ್ತೆ ಬೇಲಿ ಹಾಕಿದರು. ಆಚೆ ಊರಿನ ಹುಡುಗ, ಈಚೆ ಊರಿನ ಹುಡುಗಿ ಬೇಲಿಯ ಸಂದಿಯಲ್ಲೇ ಕೈ ಹಿಡಿದು ಮುದ್ದಾಡುತ್ತಿದ್ದಾರೆ ಅಂತ ಎರಡು ಮೀಟರ್ ಬಿಟ್ಟು ಇನ್ನೊಂದು ಬೇಲಿ ಹಾಕಿದರು! ಮೇ ತಿಂಗಳ ಮಧ್ಯದಲ್ಲಿ ಎರಡೂ ತೆಗೆದರು.

ನಮ್ಮಲ್ಲಿ ಮೂವರು ಆಚೆ ಹೋಗಿ ಬಂದೆವು. ಧಾರವಾಡದವನು ಬರಲಿಲ್ಲ. "ಪಾಸ್‌ಪೋರ್ಟ್ ಮನ್ಯಾಗ ಐತಲೇ" ಅಂತ ಹುಲ್ಲಿನ ಮೇಲೆ ಕೂತುಬಿಟ್ಟ. ಸ್ವಿಟ್ಜರ್ಲೆಂಡ್ 2008ರಿಂದ ಷೆಂಗೆನ್‌ನಲ್ಲಿದೆ, ಜರ್ಮನಿಯ ವಾಸದ ಕಾರ್ಡ್ ಇರುವವರು ವೀಸಾ ಇಲ್ಲದೆ ಹೋಗಿ ಬರಬಹುದು. ಆದರೆ ಕಾರ್ಡ್ ಜೊತೆ ಪಾಸ್‌ಪೋರ್ಟ್ ಇರಲೇಬೇಕು. ಮೇಲಾಗಿ 2023ರ ಅಕ್ಟೋಬರ್‌ನಿಂದ ಜರ್ಮನಿ ಆ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿತ್ತು. ಯಾರೂ ಕೇಳೋದಿಲ್ಲ ಬಾರೋ ಅಂದೆವು. ನಮ್ಮನ್ನು ಯಾರೂ ಕೇಳಲಿಲ್ಲ, ನಿಜ. ಆದರೂ ಅವನು ಮಾಡಿದ್ದೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಪಕ್ಕದಲ್ಲಿ ಒಬ್ಬ ಜರ್ಮನ್ ಅಜ್ಜ ನಾಯಿಯನ್ನು ಆಚೆ ದೇಶದಲ್ಲಿ ಅಡ್ಡಾಡಿಸಿಕೊಂಡು ಈಚೆ ಬರುತ್ತಿದ್ದ. ಅವನಿಗೆ ಗಡಿ ಅನ್ನೋದು ಉದ್ಯಾನದ ಅಂಚು. ನಮ್ಮ ನೀಲಿ ಪಾಸ್‌ಪೋರ್ಟ್ ಹಿಡಿದವರಿಗೆ ಸುಮ್ನೆ ಹೋಗಿ ಬರೋದಕ್ಕೂ ಕಾಗದ ಪತ್ರ ಬೇಕು.

ಹಾಗೇ ಶನಿವಾರ ಈ ಊರಲ್ಲಿ ಸ್ವಿಸ್ ಜನ ತುಂಬಿರುತ್ತಾರೆ. ಅವರಿಗೆ ಇಲ್ಲಿ ಎಲ್ಲವೂ ಅಗ್ಗ. ಸೋಪು, ಶಾಂಪೂ ಮಾರುವ ಅಂಗಡಿಯಲ್ಲಿ ಒಂದು ನೀರಿನ ಬಾಟಲಿಗೆ ಕ್ಯೂ ನಿಂತೆವು. ಮುಂದಿನವರ ಗಾಡಿಯಲ್ಲಿ ಡಯಾಪರ್ ರಾಶಿ, ಶೇವಿಂಗ್ ಬ್ಲೇಡ್, ಟೂತ್‌ಪೇಸ್ಟ್. ಬಿಲ್ ಆದ ಮೇಲೆ ಕೌಂಟರಿನ ಹುಡುಗಿ ಒಂದು ಹಸಿರು ಚೀಟಿ ಕೊಟ್ಟಳು. ಅದಕ್ಕೆ ಗಡಿಯಲ್ಲಿ ಕಸ್ಟಮ್ಸ್‌ನವರ ಸೀಲ್ ಹಾಕಿಸಿಕೊಂಡರೆ ಮುಂದಿನ ಸಲ ಬಂದಾಗ ಮಾರಾಟ ತೆರಿಗೆ ವಾಪಸ್. 2020ರಿಂದ ಬಿಲ್ 50 ಯೂರೋ ದಾಟಿರಬೇಕು ಅಂತ ನಿಯಮ. ಹಾಗಾಗಿ 47 ಯೂರೋ ಆದವರು ಓಡಿಹೋಗಿ ಇನ್ನೊಂದು ಚಾಕೊಲೇಟ್ ತರುತ್ತಾರೆ. ಹಿಂದಿನವರು ಕಾಯುತ್ತಾರೆ.

ಊಟಕ್ಕೆ ಬಂದರಿನ ಹತ್ತಿರ ಕೂತೆವು. ಮಂಗಳೂರಿನವಳಿಗೆ ಮೀನು ಬೇಕು. ಈ ಸರೋವರದ ಮೀನು ಅಂದ್ರೆ ಫೆಲ್ಖನ್, ಬಿಳಿ ಮಾಂಸದ್ದು, ಬೆಣ್ಣೆಯಲ್ಲಿ ಕರಿದು ಕೊಡುತ್ತಾರೆ. ಮೆನುವಿನಲ್ಲಿ ಇತ್ತು. ಬಡಿಸುವವರನ್ನು ಕೇಳಿದರೆ, ಇದೆ, ಆದರೆ ಈ ಸರೋವರದ್ದಲ್ಲ ಅಂದರು. ಎದುರಿಗೆ 63 ಕಿಲೋಮೀಟರ್ ನೀರು, ತಟ್ಟೆಯಲ್ಲಿ ಬೇರೆ ಕಡೆಯ ಮೀನು. ಯಾಕೆ ಅಂತ ಕೆದಕಿದರೆ ಸಿಕ್ಕಿದ ಕಥೆಯೇ ಆ ದಿನದ ಎಲ್ಲಕ್ಕಿಂತ ದೊಡ್ಡ ಕಥೆ.

ಯುದ್ಧದ ನಂತರ ದಡದ ಊರುಗಳು ಬೆಳೆದವು. ಮನೆಗಳ ಕೊಳಚೆ, ಬಟ್ಟೆ ಸೋಪಿನ ನೀರು ಎಲ್ಲ ಸರೋವರಕ್ಕೇ. ಸೋಪಿನ ಪುಡಿಯಲ್ಲಿ ರಂಜಕ (ಫಾಸ್ಫರಸ್), ಕೊಳಚೆಯಲ್ಲೂ ರಂಜಕ. ಅದು ಪಾಚಿಗೆ ಗೊಬ್ಬರ. ಪಾಚಿ ಬೆಳೆದು, ಸತ್ತು, ತಳಕ್ಕೆ ಹೋಗಿ ಕೊಳೆತರೆ ಕೆಳಗಿನ ನೀರಿನಲ್ಲಿ ಆಮ್ಲಜನಕ ಇರೋದಿಲ್ಲ. 1970ರ ದಶಕದ ಕೊನೆಗೆ ಸಾವಿರ ಲೀಟರ್ ನೀರಿನಲ್ಲಿ ರಂಜಕ 80 ಮಿಲಿಗ್ರಾಂ ದಾಟಿತ್ತು. ನಿಮಗೆ ಬೆಳ್ಳಂದೂರು ನೆನಪಾಗಿರಬೇಕು, ಅಲ್ವಾ? ನೊರೆ ರಸ್ತೆಗೆ ಹಾರಿದ್ದು, ಕೆರೆಗೇ ಬೆಂಕಿ ಬಿದ್ದದ್ದು. ಬೋಡನ್‌ಸೀ ಅಷ್ಟು ಹದಗೆಟ್ಟಿರಲಿಲ್ಲ. ಆದರೆ ಅದೇ ದಾರಿ ಹಿಡಿದಿತ್ತು.

ಸುತ್ತಲ ಸರ್ಕಾರಗಳು 1959ರಲ್ಲೇ ಸೇರಿ ಒಂದು ಆಯೋಗ ಮಾಡಿಕೊಂಡಿದ್ದವು. ಇಲ್ಲಿ ಒಂದು ತಮಾಷೆ ಇದೆ. ಸರೋವರದ ದೊಡ್ಡ ಭಾಗದಲ್ಲಿ ಯಾವ ದೇಶದ ಗಡಿ ಎಲ್ಲಿ ಅಂತ ಇವತ್ತಿಗೂ ಒಪ್ಪಂದ ಆಗಿಲ್ಲ. ನಡುವೆ ಗೆರೆ ಎಳೆಯಬೇಕು ಅನ್ನೋದು ಸ್ವಿಸ್ ವಾದ, ಎಲ್ಲರದ್ದೂ ಜಂಟಿ ಆಸ್ತಿ ಅನ್ನೋದು ಆಸ್ಟ್ರಿಯಾ ವಾದ, ಜರ್ಮನಿ ಸುಮ್ನೆ ಇದೆ. ನೀರು ಯಾರದ್ದು ಅಂತ ತೀರ್ಮಾನ ಆಗದೇ ಇದ್ದರೂ ಅದನ್ನು ಕ್ಲೀನ್ ಮಾಡೋದು ಯಾರ ಕೆಲಸ ಅಂತ ತೀರ್ಮಾನ ಆಯಿತು! ಸುತ್ತ ಎಲ್ಲ ಊರುಗಳಿಗೂ ಒಳಚರಂಡಿ, ಶುದ್ಧೀಕರಣ ಘಟಕ, ರಂಜಕ ತೆಗೆಯುವ ವ್ಯವಸ್ಥೆ. ಸ್ವಿಟ್ಜರ್ಲೆಂಡ್ 1986ರಲ್ಲಿ ಬಟ್ಟೆ ಸೋಪಿನಲ್ಲಿ ಫಾಸ್ಫೇಟ್ ಹಾಕೋದನ್ನೇ ನಿಷೇಧಿಸಿತು. ಈಗ ಆ 80 ಮಿಲಿಗ್ರಾಂ 10ಕ್ಕಿಂತ ಕೆಳಗೆ ಇಳಿದಿದೆ.

ಅಲ್ಲಿಗೆ ಸುಖಾಂತ್ಯ ಅಂದುಕೊಂಡರೆ ಮೀನುಗಾರರನ್ನು ಕೇಳಬೇಕು. ನೀರು ಇಷ್ಟು ಶುದ್ಧ ಆದ ಮೇಲೆ ಮೀನಿಗೆ ಆಹಾರ ಕಡಿಮೆ. ಮುಳ್ಳುಮೀನು ಎಂಬ ಚಿಕ್ಕ ಮೀನು ವಿಪರೀತ ಹೆಚ್ಚಿ ಫೆಲ್ಖನ್ ಮರಿಗಳನ್ನು ತಿನ್ನತೊಡಗಿತು. 2016ರಲ್ಲಿ ಕ್ವಾಗ್ಗಾ ಎಂಬ ಹೊರಗಿನ ಮಳಿ, ಅಂದರೆ ಚಿಪ್ಪಿನ ಪ್ರಾಣಿ, ಕಾಣಿಸಿಕೊಂಡಿತು. ಅದು ನೀರನ್ನು ಸೋಸಿ ಇದ್ದಬದ್ದ ಸೂಕ್ಷ್ಮಜೀವಿಗಳನ್ನೂ ತಿಂದುಬಿಡುತ್ತದೆ. ಫೆಲ್ಖನ್ ಎಷ್ಟು ಕಡಿಮೆ ಆಯಿತು ಅಂದ್ರೆ 2024ರ ಜನವರಿಯಿಂದ ಮೂರು ವರ್ಷ ಅದನ್ನು ಹಿಡಿಯೋದನ್ನೇ ನಿಲ್ಲಿಸಿದರು. ಹಾಗಾದರೆ ಮತ್ತೆ ಸ್ವಲ್ಪ ರಂಜಕ ಬಿಡಿ ಅಂತ ಕೇಳಿದ ಮೀನುಗಾರರೂ ಇದ್ದಾರೆ. ಅವರ ಹೊಟ್ಟೆಪಾಡು ನನಗೆ ಅರ್ಥ ಆಗುತ್ತದೆ. ಆದರೂ ಒಪ್ಪೋದು ಕಷ್ಟ, ಯಾಕಂದ್ರೆ ಆ ನೀರನ್ನು ನಾವೇ ಕುಡಿಯುತ್ತಿದ್ದೆವು.

ಹೌದು, ಸ್ಟುಟ್‌ಗಾರ್ಟ್‌ನಲ್ಲಿ. 1954ರಲ್ಲಿ ಊರುಗಳೆಲ್ಲ ಸೇರಿ ಒಂದು ಸಂಸ್ಥೆ ಕಟ್ಟಿಕೊಂಡವು, 1958ರಿಂದ ಬೋಡನ್‌ಸೀ ನೀರು ಪೈಪಿನಲ್ಲಿ ಹೋಗುತ್ತಿದೆ. ಸಿಪ್ಲಿಂಗನ್ ಎಂಬಲ್ಲಿ 60 ಮೀಟರ್ ಆಳದಿಂದ ನೀರು ಎಳೆಯುತ್ತಾರೆ. ಅಷ್ಟು ಕೆಳಗೆ ವರ್ಷಪೂರ್ತಿ ನೀರು ತಣ್ಣಗೆ, ತಿಳಿಯಾಗಿ ಇರುತ್ತದೆ. ಪಂಪ್ ಮಾಡಿ ಮುನ್ನೂರು ಮೀಟರ್ ಮೇಲಿನ ಗುಡ್ಡಕ್ಕೆ ಏರಿಸಿ, ಶುದ್ಧ ಮಾಡಿ ಕಳಿಸುತ್ತಾರೆ. ಸುಮಾರು 40 ಲಕ್ಷ ಜನರಿಗೆ ಅದೇ ನೀರು. ಹಾಗೆ ತೆಗೆಯುವ ನೀರು ಬಿಸಿಲಿಗೆ ಆವಿಯಾಗಿ ಹೋಗುವುದಕ್ಕಿಂತ ಕಡಿಮೆಯಂತೆ. ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಕಾವೇರಿ ಏರಿ ಬರುವ ಕಥೆ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಸುಮಾರು ನೂರು ಕಿಲೋಮೀಟರ್, ಐನೂರು ಮೀಟರ್ ಏರು. ಹಾಸನದವನು ಗ್ಲಾಸ್ ಎತ್ತಿ, "ದಿನಾ ನಮ್ಮನೇಗೆ ಬರೋ ನೀರನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಅಂದ.

ಮಧ್ಯಾಹ್ನದ ಮೇಲೆ ಬಸ್ ಹಿಡಿದು ಹೋರ್ನ್ಲೆ ಎಂಬ ದಡಕ್ಕೆ ಹೋದೆವು. ಊರಿನವರೇ ನಡೆಸುವ ಈಜು ತಾಣ. ಪ್ರವೇಶ ಉಚಿತ. ಹುಲ್ಲು, ದೊಡ್ಡ ದೊಡ್ಡ ಮರಗಳು, ಬಟ್ಟೆ ಬದಲಾಯಿಸೋ ಕೋಣೆ, ಶೌಚಾಲಯ, ಆಲೂಗಡ್ಡೆ ಫ್ರೈ ಮಾರುವ ಅಂಗಡಿ. ಹಿರಿಯರು ಮುಂದೆ ಕೂತಿದ್ದೀರಿ, ಆದರೂ ಹೇಳಿಬಿಡ್ತೀನಿ: ಒಂದು ಬದಿ ಬಟ್ಟೆ ಇಲ್ಲದೆ ಈಜುವವರಿಗೆ ಅಂತಲೇ ಬಿಟ್ಟಿದ್ದಾರೆ. ಧಾರವಾಡದವನು ಬೋರ್ಡ್ ಓದದೆ ಆ ಕಡೆ ನಡೆದು, ಹೋದಷ್ಟೇ ವೇಗದಲ್ಲಿ ವಾಪಸ್ ಬಂದ. ಅಲ್ಲಿ ಯಾರೂ ಅವನನ್ನು ತಲೆ ಎತ್ತಿ ನೋಡಲೂ ಇಲ್ಲವಂತೆ. ಅದೇ ಅವನಿಗೆ ಜಾಸ್ತಿ ಗಾಬರಿ.

ಇಂಥ ಬೆಲೆಬಾಳುವ ದಡವನ್ನು ಯಾವ ರೆಸಾರ್ಟಿಗೂ ಕೊಡದೆ ಇಟ್ಟುಕೊಂಡಿರೋದು ಸುಮ್ನೆ ಆಗುವ ಕೆಲಸ ಅಲ್ಲ. ದಡಕ್ಕೆ ಹೋಗೋದಕ್ಕೆ ದುಡ್ಡು ಕೊಡಬೇಕು ಅಂತಿದ್ದರೆ ನಾವು ಮೊದಲು ಕೂತು ಲೆಕ್ಕ ಹಾಕುತ್ತಿದ್ದೆವು.

ನೀರಿನಲ್ಲಿ ಮಂಡಿವರೆಗೆ ಇಳಿದಿದ್ದೆವು. ಆಕಾಶ ನಿಚ್ಚಳ. ಅಷ್ಟರಲ್ಲಿ ದಡದ ಒಂದು ಕಂಬದ ಮೇಲೆ ಕಿತ್ತಳೆ ದೀಪ ಮಿನುಗತೊಡಗಿತು. ಆಚೆ ಸ್ವಿಸ್ ದಡದಲ್ಲೂ ಒಂದು ಚುಕ್ಕೆ ಅದೇ ಥರ. ನಮಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ಮೊಮ್ಮಕ್ಕಳ ಜೊತೆ ಬಂದಿದ್ದ ಅಜ್ಜಿ ವಿವರಿಸಿದರು. ನಿಮಿಷಕ್ಕೆ 40 ಸಲ ಮಿನುಗಿದರೆ ಜೋರು ಗಾಳಿಯ ಮುನ್ನೆಚ್ಚರಿಕೆ. 90 ಸಲ ಆದರೆ ಬಿರುಗಾಳಿ, ದೋಣಿಯವರು ತಕ್ಷಣ ದಡ ಸೇರಬೇಕು. ಸರೋವರದ ಸುತ್ತ, ಮೂರೂ ದೇಶದಲ್ಲಿ ಇದೇ ಲೆಕ್ಕ. ಹಾಸನದವನು ವಾಚ್ ಹಿಡಿದು ಎಣಿಸಿದ. ನಲವತ್ತು. ಅಜ್ಜಿ ಏನೂ ಆತುರ ಇಲ್ಲದೆ ಟವೆಲ್ ಮಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ದೀಪದ ಓಟ ಜೋರಾಯಿತು, ಎಣಿಸಲು ಆಗದಷ್ಟು. ಪಶ್ಚಿಮದಲ್ಲಿ ಕಪ್ಪು ಮೋಡ ಕಂಡಿದ್ದೇ ಆಮೇಲೆ. ಹಾಯಿದೋಣಿಗಳೆಲ್ಲ ಮೂತಿ ತಿರುಗಿಸಿ ದಡಕ್ಕೆ ಬಂದವು. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಸರೋವರದ ಸುತ್ತ ಐದು ರಾಜ್ಯ, ಐದು ಬೇರೆ ಬೇರೆ ಗಡಿಯಾರದ ಹೊತ್ತು ಇತ್ತು. ಹಡಗು ಎಷ್ಟು ಗಂಟೆಗೆ ಅಂತ ಕೇಳಿದರೆ ಯಾರ ಗಂಟೆ ಅಂತ ಮರುಪ್ರಶ್ನೆ ಕೇಳಬೇಕಿತ್ತು. ಈಗ ಮೂರು ದೇಶ ಒಂದೇ ದೀಪ ನೋಡಿ ದಡ ಸೇರುತ್ತವೆ.

ಮಳೆ ಹೊಡೆಯಿತು. ಬಸ್ ಶೆಲ್ಟರ್‌ನಲ್ಲಿ ನೆನೆದು ಮುದ್ದೆಯಾಗಿ ನಿಂತು, ಸಂಜೆ ರೈಲು ಹಿಡಿದೆವು. ಹೋರ್ಬ್ ಹತ್ತಿರ ಮತ್ತೆ ಕ್ರಾಸಿಂಗ್.

ನನ್ನ ಮಾತು ಇಷ್ಟೇ. ಆಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬರು ಅಮ್ಮ ಕೇಳಿದರು, ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು ಅಂತ. ಕೇಸ್‌ಷ್ಪೆಟ್ಸ್ಲೆ ಅಂತ ಸಿಗುತ್ತದೆ. ಮೊಟ್ಟೆ ಹಾಕಿದ ಹಿಟ್ಟಿನ ಶಾವಿಗೆಯಂಥದ್ದು, ಮೇಲೆ ಚೀಸ್, ಹುರಿದ ಈರುಳ್ಳಿ. ಮೊಟ್ಟೆ ಆಗದವರಿಗೆ ಬೇಕರಿಯ ಪ್ರೆಟ್ಸೆಲ್, ಹಣ್ಣು, ಐಸ್‌ಕ್ರೀಮ್. ಮನೆಯಿಂದ ಚಪಾತಿ ಸುತ್ತಿಕೊಂಡು ಹೋದರೂ ಯಾರೂ ಏನೂ ಅನ್ನೋದಿಲ್ಲ, ದಡದಲ್ಲಿ ಎಲ್ಲರೂ ಡಬ್ಬಿ ತಂದಿರುತ್ತಾರೆ.

ಇಲ್ಲಿಂದ ಪ್ರವಾಸಕ್ಕೆ ಹೋದವರಿಗೂ ಆ ಪಾಸ್ ಸಿಗುತ್ತದೆಯೇ ಅಂತ ಒಬ್ಬ ಹುಡುಗ ಕೇಳಿದ. ಸಿಗುತ್ತದೆ, ಆದರೆ ತಿಂಗಳ ಚಂದಾ, ಸಮಯಕ್ಕೆ ಸರಿಯಾಗಿ ರದ್ದು ಮಾಡಬೇಕು. ಒಂದೇ ದಿನಕ್ಕಾದರೆ ಬಾಡನ್ ವ್ಯುರ್ಟೆಂಬರ್ಗ್ ಟಿಕೆಟ್ ಅಂತ ಇದೆ, ಐದು ಜನರವರೆಗೆ ಒಟ್ಟಿಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ನಡೆಯುತ್ತದೆ, ಶನಿವಾರ ಭಾನುವಾರ ಆ ಕಟ್ಟುಪಾಡಿಲ್ಲ.

ಕೊನೆಯ ಪ್ರಶ್ನೆ ರಿಟೈರ್ಡ್ ಎಂಜಿನಿಯರ್ ಒಬ್ಬರದ್ದು. ಡಾನ್ಯೂಬ್ ಮಾಯವಾಗೋದನ್ನು ಕಣ್ಣಾರೆ ನೋಡಬಹುದೇ? ನೋಡಬಹುದು ಸರ್. ಇಮ್ಮೆಂಡಿಂಗನ್‌ನಲ್ಲಿ ಇಳಿದು ನದಿಯ ಪಕ್ಕದ ಕಾಲುದಾರಿ ಹಿಡಿಯಿರಿ. ಮಳೆ ಬಂದು ನದಿ ತುಂಬಿದ್ದರೆ ಏನೂ ಗೊತ್ತಾಗೋದಿಲ್ಲ. ಬೇಸಿಗೆಯ ಕೊನೆಗೆ, ನಾಲ್ಕು ದಿನ ಬಿಸಿಲು ಕಾದ ಮೇಲೆ ಹೋಗಿ. ಆಗ ಒಣಗಿದ ಕಲ್ಲುಗಳ ಮೇಲೆ ನಡೆದು, ಚಪ್ಪಲಿ ಕೂಡ ನೆನೆಯದೆ, ಡಾನ್ಯೂಬ್ ದಾಟಬಹುದು.